ಅಮೆರಿಕದ ರೀಜನಲ್ ಏರ್‌ಲೈನ್‌ನಲ್ಲಿ ಪೈಲಟ್ ಕೆಲಸ: ಸಹಿ ಹಾಕುವ ಮೊದಲು ಏನು ನೋಡಬೇಕು

ಶಿಕಾಗೋದಿಂದ ಯಾವುದಾದರೂ ಸಣ್ಣ ಊರಿಗೆ ಯುನೈಟೆಡ್ ಟಿಕೆಟ್ ತೆಗೆದು ನೋಡಿ. ಎಷ್ಟೋ ಸಲ ಅದರಲ್ಲಿ ‘ಆಪರೇಟೆಡ್ ಬೈ ಸ್ಕೈವೆಸ್ಟ್’ ಅಂತಲೋ ‘ರಿಪಬ್ಲಿಕ್’ ಅಂತಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ವಿಮಾನದ ಮೇಲಿನ ಬಣ್ಣ ಯುನೈಟೆಡ್‌ನದು, ಟಿಕೆಟ್ ದುಡ್ಡು ಹೋಗುವುದು ಯುನೈಟೆಡ್‌ಗೆ. ಆದರೆ ಕಾಕ್‌ಪಿಟ್‌ನಲ್ಲಿ ಕೂತ ಇಬ್ಬರಿಗೆ ಸಂಬಳ ಕೊಡುವುದು ಬೇರೆ ಕಂಪನಿ. ಅದೇ ರೀಜನಲ್ ಏರ್‌ಲೈನ್. ಅಮೆರಿಕದಲ್ಲಿ ಪೈಲಟ್ ಆಗುವವರಲ್ಲಿ ಬಹಳ ಜನ ಜೆಟ್ ಓಡಿಸಲು ಶುರು ಮಾಡುವುದು ಇಂಥ ಕಂಪನಿಯಲ್ಲೇ.

ನ್ಯೂಜೆರ್ಸಿ, ಡಾಲಸ್, ಬೇ ಏರಿಯಾದ ಕನ್ನಡ ಮನೆಗಳಲ್ಲಿ ಮಗನೋ ಮಗಳೋ ‘ನಾನು ಪೈಲಟ್ ಆಗ್ತೀನಿ’ ಅಂದಾಗ ಅಪ್ಪ ಅಮ್ಮ ಕೇಳುವುದು ಮೂರೇ ಪ್ರಶ್ನೆ: ಯಾವ ಕಂಪನಿ, ಸಂಬಳ ಎಷ್ಟು, ಬೋನಸ್ ಎಷ್ಟು. ಕೇಳಬೇಕಾದ್ದೇ, ಆದರೆ ಕೊನೆಯಲ್ಲಿ. ಮೊದಲು ತಿಳಿಯಬೇಕಾದ್ದು ಈ ಕಂಪನಿ ಹಾರಿಸುತ್ತಿರುವ ಕೆಲಸ ನಿಜವಾಗಿ ಯಾರ ಕೈಯಲ್ಲಿದೆ, ಮತ್ತು ಇಲ್ಲಿಂದ ದೊಡ್ಡ ಏರ್‌ಲೈನ್‌ನ ಸೀನಿಯಾರಿಟಿ ಪಟ್ಟಿಗೆ (ಸೇರಿದ ತಾರೀಖಿನ ಪ್ರಕಾರ ಪೈಲಟ್‌ಗಳನ್ನು ನಿಲ್ಲಿಸುವ ಸಾಲು) ಎಷ್ಟು ಬೇಗ ಹೋಗಬಹುದು ಅನ್ನುವುದು. ಮಿಕ್ಕಿದ್ದೆಲ್ಲ ಇದರ ಹಿಂದೆ ಬರುತ್ತದೆ.

ಕೆಲಸ ಯಾರದ್ದು ಅಂತ ಮೊದಲು ತಿಳಿಯಿರಿ

ಅಮೆರಿಕನ್, ಡೆಲ್ಟಾ, ಯುನೈಟೆಡ್, ಅಲಾಸ್ಕಾ ಇವನ್ನು ಮೇನ್‌ಲೈನ್ ಅನ್ನುತ್ತಾರೆ. ಇವುಗಳಿಗಾಗಿ ಸಣ್ಣ ಜೆಟ್ ಓಡಿಸುವವು ರೀಜನಲ್‌ಗಳು. ವ್ಯವಸ್ಥೆ ಹೇಗೆ ಅಂದರೆ, ಪೀಣ್ಯದಲ್ಲಿ ದೊಡ್ಡ ಕಾರ್ಖಾನೆಗೆ ಜಾಬ್ ವರ್ಕ್ ಮಾಡಿಕೊಡುವ ಸಣ್ಣ ಯೂನಿಟ್ ಇರುತ್ತದಲ್ಲ, ಹಾಗೆ. ಟಿಕೆಟ್ ಮಾರುವುದು, ದರ ಇಡುವುದು, ಯಾವ ಊರಿಗೆ ಎಷ್ಟು ಗಂಟೆಗೆ ಹಾರಬೇಕು ಅಂತ ತೀರ್ಮಾನಿಸುವುದು, ಸಾಮಾನ್ಯವಾಗಿ ಇಂಧನದ ಖರ್ಚು ಹೊರುವುದು, ಎಲ್ಲ ಮೇನ್‌ಲೈನ್. ರೀಜನಲ್ ಹಾರಿಸಿಕೊಟ್ಟು ಹಾರಾಟಕ್ಕೆ ಇಷ್ಟು, ಗಂಟೆಗೆ ಇಷ್ಟು ಅಂತ ದುಡ್ಡು ತಗೊಳ್ಳುತ್ತದೆ. ಈ ಒಪ್ಪಂದಕ್ಕೆ ಕೆಪ್ಯಾಸಿಟಿ ಪರ್ಚೇಸ್ ಅಗ್ರಿಮೆಂಟ್ ಅಂತ ಹೆಸರು. ಅದಕ್ಕೊಂದು ಮುಗಿಯುವ ತಾರೀಖು ಇರುತ್ತದೆ. ನಿಮ್ಮ ಕೆಲಸ ನಿಂತಿರುವುದು ಆ ತಾರೀಖಿನ ಮೇಲೆ, ಇದನ್ನು ಯಾವ ರಿಕ್ರೂಟರ್ ಕೂಡ ತಾನಾಗಿ ಹೇಳುವುದಿಲ್ಲ.

ರೀಜನಲ್‌ಗಳಲ್ಲಿ ಎರಡು ಬಗೆ. ಮೇನ್‌ಲೈನೇ ಪೂರ್ತಿ ಇಟ್ಟುಕೊಂಡ ಕಂಪನಿಗಳು ಒಂದು: ಅಮೆರಿಕನ್‌ಗೆ ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್, ಡೆಲ್ಟಾಗೆ ಎಂಡೆವರ್, ಅಲಾಸ್ಕಾಗೆ ಹೊರೈಜನ್. ಇನ್ನೊಂದು ಸ್ವತಂತ್ರ ಕಂಪನಿಗಳು. ಸ್ಕೈವೆಸ್ಟ್ ನಾಲ್ಕೂ ಮೇನ್‌ಲೈನ್‌ಗಳಿಗೆ ಹಾರಿಸುತ್ತದೆ. ರಿಪಬ್ಲಿಕ್ ಅಮೆರಿಕನ್, ಡೆಲ್ಟಾ, ಯುನೈಟೆಡ್ ಮೂರಕ್ಕೂ ಹಾರಿಸುತ್ತದೆ. ಒಂದೇ ಮೇನ್‌ಲೈನ್ ನಂಬಿಕೊಂಡಿರುವ ಸ್ವತಂತ್ರ ಕಂಪನಿ ಎಲ್ಲಕ್ಕಿಂತ ಜಾಸ್ತಿ ಅಪಾಯದಲ್ಲಿರುತ್ತದೆ.

‘ಮೇನ್‌ಲೈನ್‌ದೇ ಕಂಪನಿ, ಹಾಗಾದ್ರೆ ಭದ್ರ’ ಅಂತ ಮಾತ್ರ ಅಂದುಕೊಳ್ಳಬೇಡಿ. ಸಿನ್ಸಿನಾಟಿಯ ಕಾಮೇರ್ ಪೂರ್ತಿ ಡೆಲ್ಟಾದ್ದೇ ಆಗಿತ್ತು. ಅಮೆರಿಕದಲ್ಲಿ ಸಣ್ಣ ಜೆಟ್‌ಗಳನ್ನು ಮೊದಲು ತಂದ ಕಂಪನಿ ಅದು. ವಿಮಾನಗಳು ಹಳತಾದವು, ಖರ್ಚು ಜಾಸ್ತಿಯಾಯಿತು, 2012ರ ಸೆಪ್ಟೆಂಬರ್‌ನಲ್ಲಿ ಡೆಲ್ಟಾ ಅದನ್ನು ಮುಚ್ಚಿಬಿಟ್ಟಿತು. 2020ರಲ್ಲಿ ಕೋವಿಡ್ ಬಂದಾಗ ಟ್ರಾನ್ಸ್ ಸ್ಟೇಟ್ಸ್ ಮತ್ತು ಕಂಪಾಸ್ ಏಪ್ರಿಲ್‌ನಲ್ಲೇ ನಿಂತವು. ಸೆಪ್ಟೆಂಬರ್ ಕೊನೆಗೆ ಎಕ್ಸ್‌ಪ್ರೆಸ್‌ಜೆಟ್ ಯುನೈಟೆಡ್‌ಗೆ ಹಾರುವುದು ನಿಂತಿತು, ಅದರ ಕೆಲಸವನ್ನು ಯುನೈಟೆಡ್ ಕಮ್ಯೂಟ್‌ಏರ್‌ಗೆ ಕೊಟ್ಟಿತು. ವಿಮಾನ ಅದೇ, ರೂಟ್ ಅದೇ, ಪೈಲಟ್‌ಗಳು ಮಾತ್ರ ಬೇರೆ. ಹಳಬರು ಇನ್ನೊಂದು ಕಡೆ ಸೇರಿದರೆ ಪಟ್ಟಿಯ ಕೊನೆಯಲ್ಲಿ ನಿಲ್ಲಬೇಕು. ಹದಿನೈದು ವರ್ಷ ಕ್ಯಾಪ್ಟನ್ ಆಗಿದ್ದರೂ ಅಷ್ಟೇ.

ಆದ್ದರಿಂದ ಸಂದರ್ಶನಕ್ಕೆ ಹೋಗುವ ಮೊದಲು ಮೂರು ವಿಷಯ ಹುಡುಕಿ. ಒಪ್ಪಂದ ಯಾವಾಗ ಮುಗಿಯುತ್ತದೆ, ಎಷ್ಟು ಮೇನ್‌ಲೈನ್‌ಗಳಿಗೆ ಹಾರಿಸುತ್ತಾರೆ, ವಿಮಾನಗಳ ಒಡೆತನ ಯಾರದ್ದು. ವಿಮಾನ ಮೇನ್‌ಲೈನ್‌ದೇ ಆಗಿದ್ದರೆ ಅದನ್ನು ಕಿತ್ತು ಇನ್ನೊಬ್ಬರಿಗೆ ಕೊಡುವುದು ಸುಲಭ. ಸ್ಕೈವೆಸ್ಟ್‌ನಂತೆ ಷೇರುಪೇಟೆಯಲ್ಲಿರುವ ಕಂಪನಿಯಾದರೆ ಅದರ ವಾರ್ಷಿಕ ವರದಿಯಲ್ಲಿ ಇದೆಲ್ಲ ಬರೆದಿರುತ್ತದೆ, ಯಾರು ಬೇಕಾದರೂ ಓದಬಹುದು. ಬೇರೆ ಕಡೆ ಅಲ್ಲೇ ಕೆಲಸ ಮಾಡುವ ಪೈಲಟ್‌ಗಳನ್ನು ಕೇಳಬೇಕು.

ಸ್ಕೋಪ್: ನಿಮ್ಮ ಭವಿಷ್ಯ ಬರೆದಿರುವ ಪುಟ

ಮೇನ್‌ಲೈನ್ ಪೈಲಟ್‌ಗಳ ಯೂನಿಯನ್ ಒಪ್ಪಂದದಲ್ಲಿ ಸ್ಕೋಪ್ ಅನ್ನುವ ಭಾಗ ಇರುತ್ತದೆ. ಕಂಪನಿ ಎಷ್ಟು ಕೆಲಸವನ್ನು ಹೊರಗೆ ಕೊಡಬಹುದು ಅಂತ ಗೆರೆ ಎಳೆಯುವುದು ಅದೇ. ಈಗಿನ ಗೆರೆ ಮುಖ್ಯವಾಗಿ 76 ಸೀಟು, 86,000 ಪೌಂಡ್ ತೂಕ, ಅಂದರೆ ಸುಮಾರು 39 ಟನ್. ಇದರ ಮೇಲೆ ಅಂಥ ವಿಮಾನ ಎಷ್ಟು ಇರಬಹುದು ಅನ್ನುವ ಲೆಕ್ಕ ಬೇರೆ.

ಈ ಗೆರೆಯ ಜೋರು ಎಷ್ಟಿದೆ ನೋಡಿ. ಎಂಬ್ರೇಯರ್ ಕಂಪನಿ ತನ್ನ ರೀಜನಲ್ ಜೆಟ್ ಇ175ರ ಹೊಸ ಮಾದರಿ ಇ2 ಅಂತ ಮಾಡಿತು. ಇಂಧನ ಕಡಿಮೆ ಕುಡಿಯುತ್ತದೆ, ಆದರೆ ತೂಕ ಗೆರೆ ದಾಟುತ್ತದೆ. ಹಾಗಾಗಿ ಅಮೆರಿಕದ ರೀಜನಲ್‌ಗಳು ಹಳೆ ಇ175ನ್ನೇ ಕೊಳ್ಳುತ್ತಿವೆ. ಯುನೈಟೆಡ್ 2019ರಲ್ಲಿ ಸಿಆರ್‌ಜೆ-550 ಅಂತ ಶುರು ಮಾಡಿತು. ಅದು 70 ಸೀಟಿನ ಸಿಆರ್‌ಜೆ-700ರ ಸೀಟು ತೆಗೆದು 50ಕ್ಕೆ ಇಳಿಸಿದ ವಿಮಾನ. ಆಗ ಅದು ದೊಡ್ಡ ರೀಜನಲ್ ಜೆಟ್‌ಗಳ ಲೆಕ್ಕಕ್ಕೆ ಬರದೆ 50 ಸೀಟಿನ ಲೆಕ್ಕಕ್ಕೆ ಹೋಗುತ್ತದೆ.

ಈ ಗೆರೆ ಮೊದಲು ಇನ್ನೂ ಕೆಳಗಿತ್ತು. 2001ರ ದಾಳಿಯ ನಂತರ ಏರ್‌ಲೈನ್‌ಗಳು ಒಂದಾದ ಮೇಲೊಂದು ದಿವಾಳಿ ಕೋರ್ಟ್‌ಗೆ ಹೋದವು: 2002ರಲ್ಲಿ ಯುಎಸ್ ಏರ್‌ವೇಸ್ ಮತ್ತು ಯುನೈಟೆಡ್, 2005ರಲ್ಲಿ ಡೆಲ್ಟಾ ಮತ್ತು ನಾರ್ತ್‌ವೆಸ್ಟ್, 2011ರಲ್ಲಿ ಅಮೆರಿಕನ್. ಕೋರ್ಟಿನ ಒತ್ತಡದಲ್ಲಿ ಪೈಲಟ್‌ಗಳು ಸಂಬಳದ ಜೊತೆ ಸ್ಕೋಪ್ ಕೂಡ ಬಿಟ್ಟುಕೊಟ್ಟರು. ಮೇನ್‌ಲೈನ್ ಪೈಲಟ್‌ಗಳು ಹಾರಿಸುತ್ತಿದ್ದ ರೂಟ್‌ಗಳು ಕಡಿಮೆ ಸಂಬಳದ ಕಂಪನಿಗಳಿಗೆ ಹೋದವು. ಆ ಕಂಪನಿಗಳನ್ನು ಒಂದರ ಮೇಲೊಂದು ಎತ್ತಿಕಟ್ಟಿದರು. ನೀವು ಕಮ್ಮಿ ಸಂಬಳಕ್ಕೆ ಒಪ್ಪದಿದ್ದರೆ ಈ ವಿಮಾನ ಪಕ್ಕದವರಿಗೆ, ಅಷ್ಟೇ ಮಾತು.

ಈಗ ಹೊಸಬರು ಅನ್ನುವುದು ಕೇಳಿದ್ದೇನೆ: ‘ಸ್ಕೋಪ್ ಸಡಿಲ ಆದರೆ ರೀಜನಲ್‌ನಲ್ಲಿ ಕೆಲಸ ಜಾಸ್ತಿ ಆಗುತ್ತದೆ, ಒಳ್ಳೆಯದೇ ಅಲ್ವಾ?’ ಅಲ್ಲ. ಹೊರಗೆ ಹೋದ ಒಂದೊಂದು ವಿಮಾನವೂ ನೀವು ಮುಂದೆ ಮೇನ್‌ಲೈನ್‌ನಲ್ಲಿ ಕೂರಬೇಕಾಗಿದ್ದ ಸೀಟು. ಬೇಗ ಸಿಗುವ ಸಣ್ಣ ಕೆಲಸಕ್ಕಾಗಿ ಮೂವತ್ತು ವರ್ಷದ ದೊಡ್ಡ ಕೆಲಸ ಕಳೆದುಕೊಂಡ ಹಾಗೆ. ನೀವು ಮೇನ್‌ಲೈನ್‌ಗೆ ಹೋದ ಮೇಲೆ ಒಪ್ಪಂದಕ್ಕೆ ಮತ ಹಾಕುವ ದಿನ ಬರುತ್ತದೆ. ಅಂದು ಸಂಬಳದ ಪುಟಕ್ಕಿಂತ ಮೊದಲು ಸ್ಕೋಪ್ ಪುಟ ತೆಗೆದು ಓದಿ.

ಅರ್ಜಿ ಹಾಕುವ ಮೊದಲು

ಕಾಗದಪತ್ರದಿಂದ ಶುರು ಮಾಡಿ, ಯಾಕೆಂದರೆ ನಮ್ಮವರು ಎಡವುವುದು ಇಲ್ಲೇ. ಪೈಲಟ್ ಲೈಸೆನ್ಸ್ ಪಡೆಯಲು ಅಮೆರಿಕದ ಪೌರತ್ವ ಬೇಕಿಲ್ಲ. ಆದರೆ ಕೆಲಸಕ್ಕೆ ಸೇರಲು ಅಲ್ಲಿ ದುಡಿಯುವ ಹಕ್ಕು ಬೇಕು, ದೇಶದಿಂದ ಹೊರಗೆ ಹೋಗಿ ತಡೆಯಿಲ್ಲದೆ ಮರಳಿ ಬರಲು ಆಗಬೇಕು. ಭಾರತದಿಂದ ಹೋದವರಿಗೆ ರೀಜನಲ್‌ಗಳು ವೀಸಾ ಕೊಡಿಸುತ್ತವೆ ಅಂತ ನಂಬಿ ದುಡ್ಡು ಹಾಕಬೇಡಿ. ಎಚ್-1ಬಿ ವೀಸಾದಲ್ಲಿರುವವರ ಮಕ್ಕಳು ಎಚ್-4ರಲ್ಲಿ ಇರುತ್ತಾರೆ, ಅವರಿಗೆ ದುಡಿಯುವ ಹಕ್ಕಿಲ್ಲ, ಮೇಲಾಗಿ 21 ತುಂಬಿದ ದಿನ ಆ ವೀಸಾ ಮುಗಿಯುತ್ತದೆ. ಏರ್‌ಲೈನ್ ಸೇರಲು ಕನಿಷ್ಠ ವಯಸ್ಸೂ 21. ಗ್ರೀನ್ ಕಾರ್ಡ್ ಸಾಲಿನಲ್ಲಿ ಭಾರತದವರು ಎಷ್ಟು ವರ್ಷ ಕಾಯುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ತರಬೇತಿಗೆ ಒಂದು ಲಕ್ಷ ಡಾಲರ್ ಹತ್ತಿರ ಖರ್ಚು ಬರುತ್ತದೆ. ಅದನ್ನು ಕಟ್ಟುವ ಮೊದಲು ವಲಸೆ ವಕೀಲರ ಹತ್ತಿರ ಕೂತು ಮಾತಾಡಿ.

ಎರಡನೆಯದು ಫಸ್ಟ್ ಕ್ಲಾಸ್ ಮೆಡಿಕಲ್, ಅಂದರೆ ಏರ್‌ಲೈನ್‌ಗಳು ಕೇಳುವ ಮೇಲ್ದರ್ಜೆಯ ವೈದ್ಯಕೀಯ ಪ್ರಮಾಣಪತ್ರ. ಹಾರಲು ಕಲಿಯುವುದಕ್ಕೆ ಸಾಧಾರಣ ಮೆಡಿಕಲ್ ಸಾಕು ಅಂತ ಸುಮ್ನೆ ಮುಂದೆ ಹೋಗಬೇಡಿ. ಬಣ್ಣ ಗುರುತಿಸುವ ತೊಂದರೆ, ಚಿಕ್ಕಂದಿನಲ್ಲಿ ಎಡಿಎಚ್‌ಡಿಗೆ ತಗೊಂಡ ಮಾತ್ರೆ, ಖಿನ್ನತೆಯ ಚಿಕಿತ್ಸೆ, ಇವೆಲ್ಲ ಅಲ್ಲಿ ತಿಂಗಳುಗಟ್ಟಲೆ ಎಳೆಯುತ್ತವೆ. ಏನನ್ನೂ ಮುಚ್ಚಿಡಬೇಡಿ. ಫಾರಂ ತುಂಬುವ ಮೊದಲು ಈ ವಿಷಯ ಬಲ್ಲ ವೈದ್ಯರೊಬ್ಬರ ಸಲಹೆ ಪಡೆಯಿರಿ.

ಮೂರನೆಯದು ಏರ್‌ಲೈನ್ ಸೇರಲು ಬೇಕಾದ ಹಾರಾಟದ ಗಂಟೆಗಳು. 1,500 ಗಂಟೆ ಬೇಕು. ಮಾನ್ಯತೆ ಪಡೆದ ಕಾಲೇಜಿನಲ್ಲಿ ವಿಮಾನಯಾನದ ನಾಲ್ಕು ವರ್ಷದ ಪದವಿ ಮಾಡಿದ್ದರೆ 1,000, ಎರಡು ವರ್ಷದ ಪದವಿಗೆ 1,250, ಸೇನೆಯ ಪೈಲಟ್‌ಗಳಿಗೆ 750. ಭಾರತದಲ್ಲಿ ಕಮರ್ಷಿಯಲ್ ಲೈಸೆನ್ಸ್ 200 ಗಂಟೆಗೆ ಸಿಗುತ್ತದೆ, ಅದನ್ನು ಹಿಡಿದು ಏರ್‌ಲೈನ್ ಸೇರಲೂಬಹುದು. ಅಮೆರಿಕದಲ್ಲಿ ಹಾಗಾಗುವುದಿಲ್ಲ. ಹೆಚ್ಚಿನವರು ಮಧ್ಯದ ಸಾವಿರ ಚಿಲ್ಲರೆ ಗಂಟೆಯನ್ನು ಇತರರಿಗೆ ಹಾರಲು ಕಲಿಸುತ್ತಾ ಗಳಿಸುತ್ತಾರೆ.

ಈ ನಿಯಮದ ಹಿಂದೆ 50 ಜನರ ಸಾವಿದೆ. 2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕ್‌ನಿಂದ ಬಫಲೋಗೆ ಹೊರಟ ವಿಮಾನ ಇಳಿಯುವ ಮೊದಲೇ ಒಂದು ಮನೆಯ ಮೇಲೆ ಬಿತ್ತು. ಒಳಗಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು ಹೋದರು. ಟಿಕೆಟ್ ಮೇಲೆ ಕಾಂಟಿನೆಂಟಲ್ ಹೆಸರಿತ್ತು, ಹಾರಿಸಿದ್ದು ಕೋಲ್ಗನ್ ಅನ್ನುವ ರೀಜನಲ್. ವೇಗ ಕಡಿಮೆಯಾಗಿ ವಿಮಾನ ಎಚ್ಚರಿಸಿದಾಗ ಕ್ಯಾಪ್ಟನ್ ತಪ್ಪಾಗಿ ಸ್ಪಂದಿಸಿದರು ಅಂತ ತನಿಖೆ ಹೇಳಿತು. ಫಸ್ಟ್ ಆಫೀಸರ್ (ಕ್ಯಾಪ್ಟನ್ ಪಕ್ಕ ಕೂರುವ ಎರಡನೇ ಪೈಲಟ್) ಕೆಲಸಕ್ಕೆಂದು ಸಿಯಾಟಲ್‌ನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದರು. ಸತ್ತವರ ಮನೆಯವರು ವಾಷಿಂಗ್ಟನ್‌ಗೆ ಮತ್ತೆ ಮತ್ತೆ ಹೋಗಿ ಕೂತರು. 2010ರಲ್ಲಿ ಕಾನೂನಾಯಿತು, 2013ರಲ್ಲಿ ಗಂಟೆಗಳ ನಿಯಮ, 2014ರಲ್ಲಿ ಹೊಸ ವಿಶ್ರಾಂತಿ ನಿಯಮ ಬಂದವು. ಟಿಕೆಟ್ ಕೊಳ್ಳುವಾಗಲೇ ಹಾರಿಸುವವರ ಹೆಸರು ಸ್ಪಷ್ಟವಾಗಿ ಕಾಣಬೇಕು ಅನ್ನುವುದೂ ಅದೇ ಕಾನೂನಿನಲ್ಲಿದೆ. 1,500 ಗಂಟೆ ಸುಮ್ಮನೆ ಕಷ್ಟ ಕೊಡಲು ಇಟ್ಟದ್ದು ಅನ್ನುವವರಿಗೆ ಇದನ್ನು ಹೇಳಿ.

ಇನ್ನೊಂದು ಮಾತು. ಚೆಕ್‌ರೈಡ್‌ನಲ್ಲಿ, ಅಂದರೆ ಪರೀಕ್ಷಕರ ಎದುರು ಹಾರಿ ತೋರಿಸುವ ಪರೀಕ್ಷೆಯಲ್ಲಿ, ಫೇಲಾದರೆ ಅದು ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ಎಲ್ಲ ಕಂಪನಿಗಳೂ ನೋಡುತ್ತವೆ. ಒಂದು ಫೇಲ್ ಆದರೆ ಏನೂ ಮುಳುಗಿಹೋಗುವುದಿಲ್ಲ. ಆದರೆ ತಯಾರಿಲ್ಲದಿದ್ದರೂ ‘ಹೋಗ್ಬಿಡು, ಆಗುತ್ತೆ’ ಅನ್ನುವ ಶಾಲೆಯ ಮಾತಿಗೆ ತಲೆ ಆಡಿಸಬೇಡಿ. ಸಂದರ್ಶನದಲ್ಲಿ ಇದರ ಬಗ್ಗೆ ಕೇಳಿದರೆ ಏನಾಯಿತು, ಆಮೇಲೆ ಏನು ಸರಿಮಾಡಿಕೊಂಡೆ ಅಂತ ನೇರವಾಗಿ ಹೇಳಿ. ಪರೀಕ್ಷಕರ ಮೇಲೆ ಹಾಕಬೇಡಿ.

ಬೋನಸ್ ನೋಡಿ ಮರುಳಾಗಬೇಡಿ

2022ರಲ್ಲಿ ಪೈಲಟ್‌ಗಳ ಕೊರತೆ ಜೋರಾಗಿತ್ತು. ಆಗ ಅಮೆರಿಕನ್‌ನ ಮೂರು ಸ್ವಂತ ರೀಜನಲ್‌ಗಳು ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಕೊಟ್ಟವು. ಬೇರೆಯವರೂ ಏರಿಸಿದರು. ತಿಂಗಳಿಗೆ 75 ಗಂಟೆಯ ಆಸುಪಾಸು ಖಾತ್ರಿ ಸಂಬಳ ಅಂತ ಹಿಡಿದರೆ ವರ್ಷಕ್ಕೆ 81,000 ಡಾಲರ್ ಆಗುತ್ತದೆ. ಹಿಂದೆ ಇದರ ಕಾಲು ಭಾಗಕ್ಕೆ ದುಡಿದವರಿದ್ದಾರೆ, ಆದ್ದರಿಂದ ಇದು ದೊಡ್ಡ ಬದಲಾವಣೆಯೇ.

ಈಗ ಇನ್ನೊಂದು ಲೆಕ್ಕ ಹಾಕಿ. ಮೇನ್‌ಲೈನ್‌ನಲ್ಲಿ ದೊಡ್ಡ ವಿಮಾನದ ಸೀನಿಯರ್ ಕ್ಯಾಪ್ಟನ್‌ಗೆ ಗಂಟೆಗೆ 400 ಡಾಲರ್ ಮೇಲಿದೆ. ಅದೇ 75 ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ 3,60,000. ನಿವೃತ್ತಿ 65ಕ್ಕೆ, ಅದು ಕಾನೂನು, ಮುಂದೆ ಹೋಗುವುದಿಲ್ಲ. ಹಾಗಾಗಿ ನೀವು ಮೇನ್‌ಲೈನ್‌ಗೆ ಒಂದು ವರ್ಷ ತಡವಾಗಿ ಹೋದರೆ ಕಳೆದುಕೊಳ್ಳುವುದು ಶುರುವಿನ ಕಮ್ಮಿ ಸಂಬಳದ ವರ್ಷವನ್ನಲ್ಲ, ಕೊನೆಯ ಆ ವರ್ಷವನ್ನು. ಯಾವ ಸೇರ್ಪಡೆ ಬೋನಸ್ಸೂ ಅದರ ಹತ್ತಿರ ಬರುವುದಿಲ್ಲ.

ಬೋನಸ್ ಜೊತೆ ಬಾಂಡ್ ಬರುತ್ತದೆ. ಎರಡು ಮೂರು ವರ್ಷದೊಳಗೆ ಬಿಟ್ಟರೆ ದುಡ್ಡು ವಾಪಸ್, ಕೆಲವು ಕಡೆ ತರಬೇತಿಯ ಖರ್ಚೂ ಸೇರಿಸಿ. ಮೇನ್‌ಲೈನ್‌ಗೆ ಹೋಗುವುದಾದರೆ ಬಾಂಡ್ ಬಿಡುತ್ತಾರಾ, ಕ್ಯಾಪ್ಟನ್ ಅಪ್‌ಗ್ರೇಡ್ (ಕ್ಯಾಪ್ಟನ್ ಆಗುವ ಬಡ್ತಿ) ಬಂದಾಗ ಬೇಡ ಅನ್ನಲು ಆಗುತ್ತದಾ, ತರಬೇತಿಯಲ್ಲಿ ಫೇಲಾದರೆ ಏನು ಕಟ್ಟಬೇಕು, ಕಂಪನಿಯೇ ಮನೆಗೆ ಕಳಿಸಿದರೆ ಏನು. ಇವಕ್ಕೆಲ್ಲ ಉತ್ತರ ಕಾಗದದಲ್ಲಿ ಬೇಕು. ಫೋನಿನಲ್ಲಿ ರಿಕ್ರೂಟರ್ ಹೇಳಿದ್ದು ಲೆಕ್ಕಕ್ಕಿಲ್ಲ.

ಕೇಳಲೇಬೇಕಾದ ಒಂದು ಪ್ರಶ್ನೆ: ಹೊಸಬರು ತಿಂಗಳಿಗೆ ಎಷ್ಟು ಗಂಟೆ ಹಾರುತ್ತಿದ್ದಾರೆ?

ಸಂಬಳ ಎಷ್ಟು ಗಂಟೆಗೆ ಅಂತಲ್ಲ, ನಿಜವಾಗಿ ಎಷ್ಟು ಹಾರುತ್ತಿದ್ದಾರೆ ಅಂತ. ಇದನ್ನು ಕೇಳುವವರು ಕಡಿಮೆ, ಆದರೆ ನಿಮ್ಮ ಮುಂದಿನ ಐದು ವರ್ಷ ಇದರ ಮೇಲಿದೆ.

ರೀಜನಲ್‌ನಲ್ಲಿ ಕ್ಯಾಪ್ಟನ್ ಆಗಲು ಸಾಮಾನ್ಯವಾಗಿ ಏರ್‌ಲೈನ್‌ನಲ್ಲೇ 1,000 ಗಂಟೆ ಹಾರಿರಬೇಕು. ಫ್ಲೈಯಿಂಗ್ ಸ್ಕೂಲಿನ ಗಂಟೆ ಇದಕ್ಕೆ ಬರುವುದಿಲ್ಲ. ತಿಂಗಳಿಗೆ 70 ಗಂಟೆ ಹಾರಿದರೆ ಹದಿನೈದು ತಿಂಗಳಲ್ಲಿ ಮುಗಿಯುತ್ತದೆ. 30 ಗಂಟೆ ಹಾರಿದರೆ ಮೂರು ವರ್ಷದ ಹತ್ತಿರ. 2022 ಮತ್ತು 23ರಲ್ಲಿ ಮೇನ್‌ಲೈನ್‌ಗಳು ರೀಜನಲ್ ಕ್ಯಾಪ್ಟನ್‌ಗಳನ್ನು ಬಾಚಿಕೊಂಡು ಹೋದವು. ಹಿಂದೆ ಉಳಿದವರು ಫಸ್ಟ್ ಆಫೀಸರ್‌ಗಳು. ಪಕ್ಕದಲ್ಲಿ ಕೂರಲು ಕ್ಯಾಪ್ಟನ್ ಇಲ್ಲದಿದ್ದರೆ ವಿಮಾನ ಹಾರುವುದಿಲ್ಲ. ಹೊಸಬರು ರಿಸರ್ವ್‌ನಲ್ಲಿ, ಅಂದರೆ ಕರೆದಾಗ ಮಾತ್ರ ಹೋಗುವ ಸರದಿಯಲ್ಲಿ, ಫೋನ್ ಕಾಯುತ್ತಾ ಕೂತರು. ಖಾತ್ರಿ ಸಂಬಳ ಬರುತ್ತಿತ್ತು, ಮನೆಯವರು ಖುಷಿಯಾಗಿದ್ದರು, ಲಾಗ್‌ಬುಕ್ ಮಾತ್ರ ತುಂಬಲಿಲ್ಲ. 2024ರಲ್ಲಿ ಮೇನ್‌ಲೈನ್ ನೇಮಕಾತಿ ನಿಧಾನವಾದಾಗ ಕ್ಯಾಪ್ಟನ್ ಗಂಟೆ ಇದ್ದವರನ್ನೇ ಮೊದಲು ಕರೆಯುವ ಕಾಲ ಮತ್ತೆ ಬಂತು.

ಆದ್ದರಿಂದ ಕಂಪನಿಯಲ್ಲಿ ಕ್ಯಾಪ್ಟನ್‌ಗಳು ಎಷ್ಟು, ಫಸ್ಟ್ ಆಫೀಸರ್‌ಗಳು ಎಷ್ಟು ಅಂತ ಕೇಳಿ. ಎರಡನೆಯ ಸಂಖ್ಯೆ ತೀರಾ ದೊಡ್ಡದಿದ್ದರೆ ಹುಷಾರಾಗಿರಿ. ಹೋದ ವರ್ಷ ಸೇರಿದ ಯಾರಾದರೊಬ್ಬರನ್ನು ಹುಡುಕಿ ಮಾತಾಡಿಸಿ, ಅವರ ಕಳೆದ ಮೂರು ತಿಂಗಳ ಗಂಟೆ ಕೇಳಿ. ವಿಮಾನದ ಟೈಪ್ ತರಬೇತಿ ಮುಗಿದ ಮೇಲೆ 120 ದಿನದೊಳಗೆ 100 ಗಂಟೆ ಹಾರಬೇಕು ಅನ್ನುವ ನಿಯಮವೂ ಇದೆ. ಅದನ್ನೇ ಪೂರೈಸಲು ಒದ್ದಾಡುತ್ತಿರುವ ಕಂಪನಿಯಾದರೆ ಉತ್ತರ ಅಲ್ಲೇ ಸಿಕ್ಕಿತು.

ಬೇಸ್

ಇದಕ್ಕೆ ಜಾಸ್ತಿ ಹೇಳಬೇಕಿಲ್ಲ: ಮನೆಗೆ ಹತ್ತಿರ ಬೇಸ್ (ಪೈಲಟ್ ಕೆಲಸ ಶುರು ಮಾಡುವ ಏರ್‌ಪೋರ್ಟ್) ಇರುವ ಕಂಪನಿ, ಮಿಕ್ಕಿದ್ದು ಸುಮಾರಾಗಿದ್ದರೂ, ಎರಡು ವಿಮಾನ ಬದಲಿಸಿ ತಲುಪಬೇಕಾದ ಒಳ್ಳೆ ಕಂಪನಿಗಿಂತ ಮೇಲು. ಡಾಲಸ್ ಸುತ್ತ ಮನೆಯಿದ್ದರೆ ಎನ್ವಾಯ್ ಇದೆ, ಬೇ ಏರಿಯಾಗೆ ಸ್ಕೈವೆಸ್ಟ್‌ನ ಸ್ಯಾನ್ ಫ್ರಾನ್ಸಿಸ್ಕೋ, ನ್ಯೂಜೆರ್ಸಿಯವರಿಗೆ ರಿಪಬ್ಲಿಕ್‌ನ ನ್ಯೂವಾರ್ಕ್. ಬೇರೆ ಊರಿಂದ ಓಡಾಡುವವರು ಬೇರೆ ಪೈಲಟ್‌ಗಳ ಜೊತೆ ಕ್ರ್ಯಾಶ್ ಪ್ಯಾಡ್ ಅನ್ನುವ ಮಲಗುವ ಜಾಗ ಬಾಡಿಗೆ ಹಿಡಿಯಬೇಕು, ರಜೆಯ ದಿನವನ್ನು ಏರ್‌ಪೋರ್ಟ್‌ನಲ್ಲಿ ಕಳೆಯಬೇಕು, ದಣಿದೇ ಕೆಲಸ ಶುರು ಮಾಡಬೇಕು. ಬಫಲೋದಲ್ಲಿ ನೋಡಿದ್ದೇವಲ್ಲ. ಜೂನಿಯರ್‌ಗಳಿಗೆ ಬೇಕಾದ ಬೇಸ್ ಮೊದಲ ದಿನವೇ ಸಿಗದಿರಬಹುದು. ಎಷ್ಟು ತಿಂಗಳಲ್ಲಿ ಸಿಗುತ್ತಿದೆ ಅಂತ ಕೇಳಿ.

ಫ್ಲೋ ಮತ್ತು ಅದರಾಚೆ

ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್‌ನಿಂದ ಅಮೆರಿಕನ್‌ಗೆ ಫ್ಲೋ ಇದೆ. ಸರದಿ ಬಂದಾಗ ಹೊಸ ಸಂದರ್ಶನವಿಲ್ಲದೆ ಮೇನ್‌ಲೈನ್‌ಗೆ ಹೋಗಬಹುದು. ಯುನೈಟೆಡ್‌ಗೆ ಏವಿಯೇಟ್, ಡೆಲ್ಟಾಗೆ ಪ್ರೊಪೆಲ್ ಅನ್ನುವ ಕಾರ್ಯಕ್ರಮಗಳಿವೆ, ಅವುಗಳ ಶರತ್ತುಗಳು ಬೇರೆ ಬೇರೆ. ಫ್ಲೋ ಒಳ್ಳೆಯ ಆಸರೆ. ಆದರೆ ಅದು ಸೀನಿಯಾರಿಟಿ ಪ್ರಕಾರದ ಸಾಲು, ಮೇನ್‌ಲೈನ್ ನೇಮಕಾತಿ ನಿಂತರೆ ಸಾಲೂ ನಿಲ್ಲುತ್ತದೆ. ‘ಐದು ವರ್ಷದಲ್ಲಿ ಫ್ಲೋ’ ಅಂತ ಜಾಹೀರಾತು ಹೇಳಿದರೆ ಅದು ಇವತ್ತು ಹೋಗುತ್ತಿರುವವರು ಕಾದ ಸಮಯ, ನೀವು ಕಾಯುವ ಸಮಯ ಬೇರೆ ಇರುತ್ತದೆ. ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ, ತಿಂಗಳಿಗೆ ಎಷ್ಟು ಜನ ಹೋಗುತ್ತಿದ್ದಾರೆ, ಭಾಗಿಸಿ ನೋಡಿ. ಮುಂದಿರುವ ಕೆಲವರು ಬೇರೆ ಕಡೆ ಹೋಗುತ್ತಾರೆ, ಅದನ್ನೂ ಸ್ವಲ್ಪ ಕಳೆಯಿರಿ.

ಫ್ಲೋ ಇದೆ ಅಂತ ಬೇರೆ ಬಾಗಿಲು ಮುಚ್ಚಬೇಡಿ. ಸೇರಿದ ಮೊದಲ ವರ್ಷದಿಂದಲೇ ಎಲ್ಲ ಮೇನ್‌ಲೈನ್‌ಗಳಿಗೂ ಅರ್ಜಿ ಹಾಕಿಟ್ಟು ತಿಂಗಳಿಗೊಮ್ಮೆ ಗಂಟೆ ತಿದ್ದಿ. ಲಾಗ್‌ಬುಕ್ ಎಲೆಕ್ಟ್ರಾನಿಕ್ ಮಾಡಿ, ಒಟ್ಟು ಸರಿಬರುವ ಹಾಗೆ ಇಟ್ಟುಕೊಳ್ಳಿ, ಸಂದರ್ಶನದಲ್ಲಿ ಅದನ್ನು ಸಾಲು ಸಾಲಾಗಿ ನೋಡುತ್ತಾರೆ. ಪದವಿ ಇಲ್ಲದಿದ್ದರೆ ಆನ್‌ಲೈನ್‌ನಲ್ಲಾದರೂ ಮುಗಿಸಿ, ನೇಮಕಾತಿ ಬಿಗಿಯಾದಾಗ ಅದು ಲೆಕ್ಕಕ್ಕೆ ಬರುತ್ತದೆ. ಹೊಸ ಪೈಲಟ್‌ಗಳಿಗೆ ಮಾರ್ಗದರ್ಶನ, ಯೂನಿಯನ್ ಅಥವಾ ಸುರಕ್ಷತಾ ಸಮಿತಿಯ ಕೆಲಸ, ತರಬೇತುದಾರನ ಹುದ್ದೆ, ಸಿಕ್ಕಿದ್ದು ಬಿಡಬೇಡಿ.

ಒಂದು ಕಡೆ ಜನ ನಿಂತುಬಿಡುತ್ತಾರೆ. ರೀಜನಲ್‌ನಲ್ಲಿ ನಾಲ್ಕೈದು ವರ್ಷ ಆಗಿರುತ್ತದೆ, ಕ್ಯಾಪ್ಟನ್ ಆಗಿರುತ್ತೀರಿ, ಬೇಕಾದ ದಿನ ರಜೆ ಸಿಗುತ್ತಿರುತ್ತದೆ, ಮನೆ ಹತ್ತಿರವೇ ಬೇಸ್, ಮಗುವನ್ನು ಶಾಲೆಗೆ ಸೇರಿಸಿದ್ದೀರಿ. ಆಗ ಮೇನ್‌ಲೈನ್‌ನಿಂದ ಕ್ಲಾಸ್ ಡೇಟ್, ಅಂದರೆ ಅಲ್ಲಿ ತರಬೇತಿಗೆ ಸೇರುವ ತಾರೀಖು, ಬರುತ್ತದೆ. ಮತ್ತೆ ಕೊನೆಯ ನಂಬರ್, ಮತ್ತೆ ರಿಸರ್ವ್, ಮತ್ತೆ ದೂರದ ಬೇಸ್. ‘ಮುಂದಿನ ವರ್ಷ ನೋಡೋಣ’ ಅನ್ನಿಸುವುದು ಸಹಜ. ಮನೆಯವರ ಜೊತೆ ಕೂತು ಮಾತಾಡಿ, ಆದರೆ ಕೊಟ್ಟ ತಾರೀಖುಗಳಲ್ಲಿ ಎಲ್ಲಕ್ಕಿಂತ ಮೊದಲಿನದನ್ನೇ ತಗೊಳ್ಳಿ. ಒಂದು ತಿಂಗಳು ತಡ ಮಾಡಿದರೆ ಆ ತಿಂಗಳು ಸೇರಿದವರೆಲ್ಲ ನೀವು ನಿವೃತ್ತರಾಗುವವರೆಗೂ ಬೇಸ್, ರಜೆ, ವಿಮಾನ, ಅಪ್‌ಗ್ರೇಡ್ ಎಲ್ಲದರಲ್ಲೂ ನಿಮ್ಮ ಮುಂದೆ ಇರುತ್ತಾರೆ, ಕೆಲಸದಿಂದ ತೆಗೆಯುವ ಕಾಲ ಬಂದರೆ ಅವರಿಗಿಂತ ಮೊದಲು ಹೊರಗೆ ಹೋಗುವುದು ನೀವು.